ಬೋಳು ಬೆಟ್ಟ, ಚೌಡಿಯ ಮರ ಮತ್ತು ನಾನು

ಶಿರಸಿ ಕಡೆಗೆ ಬಂದವರು ಅಡಿಕೆ ತೋಟ ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ತೋಟದ ಮೇಲಿರುವ ಬೆಟ್ಟವನ್ನು ತಲೆಯೆತ್ತಿ ನೋಡುವವರು ಕಡಿಮೆ. ನಾನು ಹೇಳಬೇಕಾಗಿರುವುದು ಆ ಬೆಟ್ಟದ ವಿಷಯ. ನಮ್ಮ ಪಾಲಿನ ಸೊಪ್ಪಿನ ಬೆಟ್ಟ ಹೇಗೆ ಬೋಳಾಯಿತು, ಹೇಗೆ ಮತ್ತೆ ಚಿಗುರಿತು, ಆ ಹೊತ್ತಿನಲ್ಲಿ ನನಗೆ ಏನೇನಾಯಿತು ಅನ್ನುವುದು.

ಸೊಪ್ಪಿನ ಬೆಟ್ಟ ಅಂದರೆ ಗೊತ್ತಿಲ್ಲದವರಿಗೆ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಬೆಟ್ಟದ ಹಕ್ಕು ಇದೆ. ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ನೆಲ ಸರ್ಕಾರದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು, ಒಣ ಕಟ್ಟಿಗೆ ತರುವ ಹಕ್ಕು ಮನೆಯವರದ್ದು. ಸೊಪ್ಪನ್ನು ಕೊಟ್ಟಿಗೆಗೆ ಹಾಸುತ್ತೇವೆ. ದನ ತುಳಿದು, ಸಗಣಿ ಗಂಜಲ ಸೇರಿ ಗೊಬ್ಬರವಾಗುತ್ತದೆ. ಅದು ತೋಟಕ್ಕೆ ಹೋಗುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಇಂಗಿ ಕೆಳಗಿನ ತೋಟಕ್ಕೆ ನೀರಾಗುತ್ತದೆ. ಹಾಗಾಗಿ ಬೆಟ್ಟ ಹೋದರೆ ತೋಟವೂ ಹೋಯಿತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗೇ ನಮ್ಮ ಬೆಟ್ಟ ಅರ್ಧ ಹೋಗಿತ್ತು. ಪ್ರತಿ ವರ್ಷ ಕತ್ತಿ ಬೀಳುತ್ತಿತ್ತು. ಮರದ ಕೊಂಬೆ ಸವರಿ ಸವರಿ ಮರ ಸತ್ತವು. ಆಮೇಲೆ ಮೋಟಿನಲ್ಲಿ ಬಂದ ಚಿಗುರನ್ನೂ ಬಿಡಲಿಲ್ಲ. ಊರಿನ ದನ ಬಂದು ಮೇಯ್ದವು. ಮೇಲಿನ ಭಾಗದಲ್ಲಿ ಜಂಬಿಟ್ಟಿಗೆ ಕಲ್ಲು ಎದ್ದು ಕಾಣುತ್ತಿತ್ತು. ಕಲ್ಲಿಲ್ಲದ ಕಡೆ ಯುಪಟೋರಿಯಂ ಅನ್ನುವ ಕಳೆಗಿಡ ಆಳೆತ್ತರ ಬೆಳೆದಿತ್ತು. ಅದು ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ, ಯಾರೋ ಬೀಡಿ ಎಸೆದರೆ ಸಾಕು. ನಮ್ಮ ಕಡೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ಮಳೆ ಬರಿ ಮಣ್ಣಿನ ಮೇಲೆ ಬಿದ್ದರೆ ಏನಾಗುತ್ತದೆ ಹೇಳಿ. ಕೆಂಪು ನೀರು ತೋಟದ ಕಾಲುವೆ ತುಂಬಿ ಹರಿಯುತ್ತಿತ್ತು. ಫೆಬ್ರವರಿಗೆ ಒರತೆ ಸಣ್ಣದಾಗುತ್ತಿತ್ತು.

ನಮ್ಮನೆಯವರು ಇದ್ದಷ್ಟು ದಿನ ಇದೆಲ್ಲ ಅವರ ಚಿಂತೆ. ಒಂದು ದಿನ ಬೆಳಿಗ್ಗೆ ಎದೆನೋವು ಅಂದರು, ಮಧ್ಯಾಹ್ನದೊಳಗೆ ಎಲ್ಲ ಮುಗಿದುಹೋಗಿತ್ತು. ಇದನ್ನು ಉದ್ದ ಬರೆಯಲು ನನ್ನಿಂದ ಆಗುವುದಿಲ್ಲ. ಅದಾದ ಮೇಲೆ ನಾನು ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟೆ ಅನ್ನುವುದನ್ನು ಮಾತ್ರ ಹೇಳಬೇಕು. ಸಿಟ್ಟಿನಿಂದ ಬಿಟ್ಟಿದ್ದಲ್ಲ. ಅಲ್ಲಿ ಕೂತರೆ ಹೇಳಲು ಏನೂ ಇರುತ್ತಿರಲಿಲ್ಲ. ದೀಪ ಹಚ್ಚುತ್ತಿದ್ದದ್ದು ಅತ್ತೆ. ಎಂಬತ್ತು ದಾಟಿದ ಅವರು ಮಗನನ್ನು ಕಳೆದುಕೊಂಡು ಕೂಡ ಒಂದು ಸಂಜೆಯೂ ದೀಪ ತಪ್ಪಿಸಲಿಲ್ಲ. ನನಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಹೇಗೆ ಸಾಧ್ಯ ಅಂತ ನೋಡುತ್ತಾ ನಿಂತಿರುತ್ತಿದ್ದೆ.

ಬಂದವರೆಲ್ಲ ಸಲಹೆ ಕೊಟ್ಟರು. ತೋಟ ಮಾರಿ ಮಗಳ ಜೊತೆ ಧಾರವಾಡದಲ್ಲಿ ಇರು ಅಂದರು. ಬೆಟ್ಟದಲ್ಲಿ ಅಕೇಸಿಯಾ ಹಾಕಿಸು, ಬೇಗ ಹಸಿರಾಗುತ್ತದೆ ಅಂದರು. ಆಚೆ ಮನೆ ಭಾವ ನೇರವಾಗಿ ಹೇಳಿದರು, "ಆ ಬೆಟ್ಟ ಸತ್ತುಹೋಯ್ತು ತಂಗಿ, ಅದಕ್ಕೆ ದುಡ್ಡು ಹಾಕಬೇಡ." ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವರ ಬೆಟ್ಟವೂ ಹಾಗೇ ಇತ್ತು.

ಬೇರೆ ಮಾತು ಹೇಳಿದವರು ಒಬ್ಬರೇ, ನಮ್ಮ ತೋಟಕ್ಕೆ ಹಿಂದಿನಿಂದಲೂ ಕೆಲಸಕ್ಕೆ ಬರುವ ಹಿರಿಯರು. ಗೊಬ್ಬರಕ್ಕೆ ಸೊಪ್ಪು ಎಲ್ಲಿಂದ ತರುವುದು ಅಂತ ಕೇಳಲು ಅವರ ಜೊತೆ ಬೆಟ್ಟ ಹತ್ತಿದ್ದೆ. ಅವರು ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ಯುಪಟೋರಿಯಂ ಸರಿಸಿ, ನೆಲಕ್ಕೆ ಅಂಟಿಕೊಂಡಿದ್ದ ಒಂದು ಗಂಟು ತೋರಿಸಿದರು. ಸುತ್ತ ಬೆರಳುದ್ದದ ನಾಲ್ಕೈದು ಚಿಗುರು. ತುದಿಯನ್ನು ದನ ತಿಂದಿತ್ತು. "ಅಮ್ಮ, ಇದು ಸಸಿ ಅಂದ್ಕೊಂಡ್ರಾ? ಇದು ಮತ್ತಿ ಮರ. ನಿಮ್ಮ ಮಾವನವರಿಗಿಂತ ಹಳೇದು. ಮೇಲೆ ಬರೋಕೆ ನಾವು ಬಿಟ್ಟಿಲ್ಲ, ಅಷ್ಟೇ."

ಆ ಮಾತು ನನ್ನೊಳಗೆ ಇಳಿದ ರೀತಿಯನ್ನು ಹೇಗೆ ಬರೆಯಲಿ. ಮತ್ತಿ, ಕೌಲು, ನಂದಿ, ನೆಲ್ಲಿ ಇವೆಲ್ಲ ಕಡಿದಷ್ಟೂ ಬುಡದಿಂದ ಚಿಗುರುವ ಮರಗಳು. ಬುಡದ ತೊಗಟೆಯೊಳಗೆ ಮೊಗ್ಗು ಅಡಗಿರುತ್ತದೆ. ಮೇಲಿನದು ಹೋದರೆ ಅದು ಏಳುತ್ತದೆ. ಬೇರಿನಲ್ಲಿ ಕೂಡಿಟ್ಟ ಆಹಾರ ಅದಕ್ಕೆ ಬಲ. ಹಾಗೆ ಎದ್ದದ್ದನ್ನು ವರ್ಷ ವರ್ಷ ಕತ್ತರಿಸಿದರೂ ಅವು ಸಾಯದೆ ಕೂತಿದ್ದವು. ಅವತ್ತು ಬೆಟ್ಟ ಇಳಿಯುವಾಗ ಕಾಲಿಡುವ ಕಡೆಯೆಲ್ಲ ನೋಡಿಕೊಂಡು ಬಂದೆ. ಎಲ್ಲ ಕಡೆ ಗಂಟುಗಳು. ಇಡೀ ಕಾಡು ನೆಲದೊಳಗೆ ಇತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಏನೂ ಹೊಸದೆನಿಸಲಿಲ್ಲ. "ಬೇರು ಇದ್ದು ತಂಗಿ, ಬತ್ತು" ಅಂದರು, ಬೇರು ಇದೆ, ಬರುತ್ತದೆ ಅಂತ, ಅಷ್ಟೇ. ಆಮೇಲೆ ರಾತ್ರಿ ಊಟದ ಹೊತ್ತಿಗೆ 1983ರ ಕಥೆ ತೆಗೆದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆ ಊರ ಜನ ಕಾಡಿಗೆ ಹೋಗಿ ಮರ ತಬ್ಬಿ ನಿಂತರಲ್ಲ, ಅಪ್ಪಿಕೋ ಚಳವಳಿ, ಆ ಸುದ್ದಿ ನಮ್ಮೂರಿಗೂ ಬಂದಿತ್ತಂತೆ. ಉಳಿಸು, ಬೆಳೆಸು, ಬಳಸು ಅಂತ ಅವರ ಘೋಷಣೆ. "ಮೊದಲು ಉಳಿಸು ಅಂತ ಹೇಳಿದ್ದು ನೋಡು, ಬೆಳೆಸು ಅಂತಲ್ಲ" ಅಂದರು ಅತ್ತೆ. ಅಷ್ಟು ಹಿಂದಿನ ಮಾತನ್ನು ಅವರು ಆ ಹೊತ್ತಿಗೆ ನೆನಪಿಸಿದ್ದು ನನ್ನ ಪುಣ್ಯ.

ಹಾಗಾಗಿ ನಾವು ಗಿಡ ನೆಡುವುದರಿಂದ ಶುರು ಮಾಡಲಿಲ್ಲ. ಕತ್ತಿ ನಿಲ್ಲಿಸುವುದರಿಂದ ಶುರು ಮಾಡಿದೆವು.

ಕೇಳಲು ಸುಲಭ. ಆದರೆ ಸೊಪ್ಪು ತರದಿದ್ದರೆ ಕೊಟ್ಟಿಗೆಗೆ ಏನು ಹಾಸುವುದು, ತೋಟಕ್ಕೆ ಏನು ಹಾಕುವುದು? ಇದನ್ನು ಬಗೆಹರಿಸದೆ ಬೆಟ್ಟ ಉಳಿಸುವ ಮಾತು ಆಡಿದರೆ ಅದು ಬಾಯಿಮಾತು. ನಾವು ದನ ಕಡಿಮೆ ಮಾಡಿದೆವು. ಎರಡು ಆಕಳನ್ನು ಮಾತ್ರ ಇಟ್ಟುಕೊಂಡು, ಕಟ್ಟಿಹಾಕಿಯೇ ಮೇವು ಕೊಟ್ಟೆವು. ಗೋಬರ್ ಗ್ಯಾಸ್‌ನ ಸ್ಲರಿಯನ್ನು ತೋಟಕ್ಕೆ ಬಿಟ್ಟೆವು. ಅಡಿಕೆ ಸೋಗೆ, ಹಾಳೆ, ಬಾಳೆ ದಿಂಡು ಯಾವುದನ್ನೂ ಹೊರಗೆ ಹಾಕದೆ ಮರದ ಬುಡಕ್ಕೇ ಹಾಕಿದೆವು. ಬೇಲಿಯುದ್ದಕ್ಕೂ ಗೊಬ್ಬರದ ಗಿಡದ ಗೂಟ ಊರಿದೆವು. ಗ್ಲಿರಿಸಿಡಿಯಾ ಅಂತಾರಲ್ಲ, ಅದೇ. ಮಳೆಗಾಲದಲ್ಲಿ ಊರಿದ ಗೂಟ ಬೇಗ ಬೇರು ಬಿಡುತ್ತದೆ, ಒಂದೆರಡು ವರ್ಷದಲ್ಲಿ ಸವರಲು ಸೊಪ್ಪು ಸಿಗುತ್ತದೆ. ಬೆಟ್ಟದಿಂದ ಒಣ ದರಕನ್ನು ಮಾತ್ರ ತಂದೆವು, ಅದೂ ಇಳಿಜಾರಿನ ಕೆಳಗಿನ ಪಟ್ಟಿಯಿಂದ.

ಬೆಟ್ಟದ ಅಂಚಿಗೆ ಹಳೆಯ ಅಗಳ (ಕಂದಕ) ಇತ್ತು, ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅದನ್ನು ತೋಡಿಸಿದೆ. ಅದರ ಏರಿಯ ಮೇಲೆ ಕವಳಿ ಮುಳ್ಳು, ಶೀಗೆ ಪೊದೆ. ದನಕ್ಕೆ ಅಷ್ಟು ಸಾಕು. ಇಳಿಜಾರಿಗೆ ಅಡ್ಡಲಾಗಿ ಅಲ್ಲಲ್ಲಿ ಇಂಗುಗುಂಡಿ ತೆಗೆಸಿದೆವು. ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೆಗೆಯುವುದು ಸುಮ್ನೆ ಅಲ್ಲ, ಪಿಕಾಸಿ ಕಿಡಿ ಹಾರಿಸುತ್ತದೆ. ದೊಡ್ಡ ಗುಂಡಿ ಬೇಡ ಅಂತ ಕೆಲಸದ ಹಿರಿಯರೇ ಹೇಳಿದರು. ಸಣ್ಣದು, ಜಾಸ್ತಿ ಕಡೆ. ನೀರು ಓಡದಂತೆ ನಿಲ್ಲಬೇಕು, ನಿಂತು ಇಂಗಬೇಕು.

ಮೊದಲ ವರ್ಷ ಕಣ್ಣಿಗೆ ಕಂಡದ್ದು ಏನೂ ಇಲ್ಲ. ಯುಪಟೋರಿಯಂ ಇನ್ನೂ ಜಾಸ್ತಿಯಾದಂತೆ ಕಂಡಿತು. ದನ ಇಲ್ಲ, ಕತ್ತಿ ಇಲ್ಲ ಅಂದಮೇಲೆ ಎಲ್ಲವೂ ಬೆಳೆಯುತ್ತದೆ ತಾನೇ. ಊರಿನವರು ಬೇಲಿ ನೋಡಿ, ಒಳಗಿನ ಕಸ ನೋಡಿ ಸುಮ್ಮನೆ ಹೋಗುತ್ತಿದ್ದರು. ನಾನು ದಿನಾ ಸಂಜೆ ಹತ್ತುತ್ತಿದ್ದೆ. ಒಂದು ಕತ್ತಿ ಹಿಡಿದು, ಮರದ ಗಂಟಿನ ಸುತ್ತ ಮಾತ್ರ ಯುಪಟೋರಿಯಂ ಕಿತ್ತು, ಕಿತ್ತದ್ದನ್ನು ಅಲ್ಲೇ ಬುಡಕ್ಕೆ ಹಾಸುತ್ತಿದ್ದೆ. ಒಂದು ಗಂಟಿನಲ್ಲಿ ಏಳೆಂಟು ಚಿಗುರು ಬಂದಿದ್ದರೆ ಗಟ್ಟಿಯಾದ ಒಂದೆರಡನ್ನು ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಇಲ್ಲದಿದ್ದರೆ ಯಾವುದೂ ಮರವಾಗುವುದಿಲ್ಲ, ಪೊದೆಯಾಗುತ್ತದೆ. ಯುಪಟೋರಿಯಂ ಡಿಸೆಂಬರ್, ಜನವರಿಯಲ್ಲಿ ಹೂ ಬಿಡುತ್ತದೆ. ಆಮೇಲೆ ಬೀಜ ಗಾಳಿಯಲ್ಲಿ ಹಾರುತ್ತದೆ. ಹಾಗಾಗಿ ಹೂವಿಗೆ ಮೊದಲೇ ಕೈ ಹಾಕಬೇಕು.

ಆ ಕೆಲಸ ನನಗೆ ಏನು ಮಾಡಿತು ಅಂತ ಕೇಳಿದರೆ, ಮೊದಮೊದಲು ನಿದ್ದೆ ಕೊಟ್ಟಿತು. ಅವರು ಹೋದ ಮೇಲೆ ನನಗೆ ರಾತ್ರಿ ನಿದ್ದೆ ಇರಲಿಲ್ಲ. ಬೆಟ್ಟ ಹತ್ತಿ ಇಳಿದು ಬಂದ ದಿನ ಬರುತ್ತಿತ್ತು. ಅದಕ್ಕಿಂತ ದೊಡ್ಡದೇನನ್ನೂ ಆಗ ನಾನು ಬೆಟ್ಟದಿಂದ ಕೇಳಿರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಚಿಗುರು ನನ್ನ ಭುಜದವರೆಗೆ ಬಂದಿತ್ತು. ಜನವರಿಯಲ್ಲೇ ಬೆಂಕಿ ಗೆರೆ ಮಾಡಿದ್ದೆವು. ಅಂದರೆ ಅಂಚಿನುದ್ದಕ್ಕೂ ಹಲವು ಮಾರು ಅಗಲಕ್ಕೆ ಒಣ ಹುಲ್ಲು, ದರಕು ಎಲ್ಲ ಬಳಿದು ಬರಿ ಮಣ್ಣು ಬಿಡುವುದು. ಆದರೆ ಮಾರ್ಚ್ ಕೊನೆಗೆ ಆಚೆ ಗುಡ್ಡದಿಂದ ಬೆಂಕಿ ಬಂತು. ಗಾಳಿ ಜೋರಿತ್ತು. ಉರಿಯುವ ಎಲೆ ಗೆರೆಯ ಮೇಲಿಂದ ಹಾರಿ ಒಳಗೆ ಬಿತ್ತು. ಊರಿನವರು ಬಂದರು, ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೆವು. ಬೆಟ್ಟ ಸತ್ತಿದೆ ಅಂದಿದ್ದ ಭಾವನೇ ಎಲ್ಲರಿಗಿಂತ ಮುಂದಿದ್ದರು. ಬೆಳಗಿನ ಜಾವದ ಹೊತ್ತಿಗೆ ಆರಿತು. ಅರ್ಧಕ್ಕಿಂತ ಜಾಸ್ತಿ ಬೆಟ್ಟ ಕಪ್ಪಾಗಿತ್ತು.

ಬೆಳಿಗ್ಗೆ ಅದನ್ನು ನೋಡಿ ನಾನು ಅತ್ತೆ ಕಳಿಸಿದ್ದ ಚಹಾ ಕೂಡ ಕುಡಿಯಲಿಲ್ಲ. ಮನೆಗೆ ಬಂದು ಮಲಗಿಬಿಟ್ಟೆ. ಇನ್ನು ಬೆಟ್ಟದ ಸುದ್ದಿ ಬೇಡ ಅಂದುಕೊಂಡೆ. ಒಂದಷ್ಟು ದಿನ ಆ ಕಡೆ ಮುಖ ಹಾಕಲಿಲ್ಲ. ಅತ್ತೆ ಏನೂ ಹೇಳಲಿಲ್ಲ. ಅವರು ಸಂಜೆ ದೀಪ ಹಚ್ಚುತ್ತಿದ್ದರು, ನಾನು ನೋಡುತ್ತಿದ್ದೆ.

ಏಪ್ರಿಲ್‌ನಲ್ಲಿ ಎರಡು ಅಡ್ಡಮಳೆ ಬಿತ್ತು. ಗುಡುಗಿನ ಮಳೆ, ಒಂದು ಗಂಟೆ ಹೊಡೆದು ನಿಲ್ಲುವಂಥದ್ದು. ಅದಾಗಿ ಒಂದು ವಾರಕ್ಕೆ ಕೆಲಸದ ಹಿರಿಯರು ಬಂದು "ಅಮ್ಮ, ಒಂದ್ಸಲ ಬನ್ನಿ" ಅಂದರು. ಹೋದೆ. ಕಪ್ಪು ನೆಲದ ಮೇಲೆ ಕೌಲಿನ ಬುಡದಲ್ಲಿ ತಾಮ್ರದ ಬಣ್ಣದ ಚಿಗುರು. ಮತ್ತಿಯ ಬುಡದಲ್ಲಿ ಚಿಗುರು. ಸುಟ್ಟು ನಿಂತಿದ್ದ ಕೋಲನ್ನು ಬಿಟ್ಟು ಪಕ್ಕದಲ್ಲಿ, ಮಣ್ಣಿನ ಮಟ್ಟದಿಂದ, ಮೊದಲಿಗಿಂತ ದಪ್ಪವಾಗಿ ಎದ್ದಿದ್ದವು. ಬೆಂಕಿಯ ಕಾವು ಮಣ್ಣಿನೊಳಗೆ ಜಾಸ್ತಿ ಇಳಿಯುವುದಿಲ್ಲ, ಕೌಲು ಮತ್ತಿಗಳ ತೊಗಟೆಯೂ ದಪ್ಪ, ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಅಲ್ಲಿ ನಿಂತಾಗ ಅದ್ಯಾವುದೂ ತಲೆಯಲ್ಲಿರಲಿಲ್ಲ. ಗಂಡನನ್ನು ಕಳೆದುಕೊಂಡ ಮೇಲೆ ಬಾಯಿಬಿಟ್ಟು ಅತ್ತಿರಲಿಲ್ಲ ನಾನು. ಅವತ್ತು ಅಲ್ಲಿ ನಿಂತು ಅತ್ತುಬಿಟ್ಟೆ. ಆ ಹಿರಿಯರು ಸ್ವಲ್ಪ ದೂರ ಹೋಗಿ ಬೇಲಿ ಸರಿ ಮಾಡುತ್ತಾ ನಿಂತರು.

ಬೆಂಕಿ ಒಳ್ಳೆಯದು ಅಂತ ಯಾರೂ ಅಂದುಕೊಳ್ಳಬೇಡಿ. ಹಳೆಯ ಬೇರಿದ್ದವು ಎದ್ದವು ನಿಜ, ಆದರೆ ಆ ವರ್ಷ ಬೀಜದಿಂದ ಹುಟ್ಟಿದ್ದ ಎಳೆ ಸಸಿಗಳೆಲ್ಲ ಹೋದವು. ಮೇಲ್ಮಣ್ಣಿನ ದರಕು ಹೋಯಿತು. ವರ್ಷ ವರ್ಷ ಬೆಂಕಿ ಬಿದ್ದರೆ ಬೇರಿನ ಶಕ್ತಿಯೂ ಒಂದು ದಿನ ಮುಗಿಯುತ್ತದೆ. ಕಷ್ಟ ಬಂದಷ್ಟೂ ಮನುಷ್ಯ ಗಟ್ಟಿಯಾಗುತ್ತಾನೆ ಅಂತ ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎರಡು ಕಷ್ಟದ ನಡುವೆ ಸ್ವಲ್ಪ ಬಿಡುವು ಬೇಕು. ಬೆಟ್ಟಕ್ಕೂ ಬೇಕು, ಮನುಷ್ಯರಿಗೂ ಬೇಕು. ಬೇರೆಯವರ ಕಷ್ಟದ ಹೊತ್ತಿನಲ್ಲಿ ನಮ್ಮಿಂದ ಆಗುವುದು ಆ ಬಿಡುವು ಮಾಡಿಕೊಡುವುದೇ ಅಂತ ನನಗೆ ಅನಿಸಿದೆ.

ಅಲ್ಲಿಂದ ಮುಂದೆ ಬೆಂಕಿ ಬರಲಿಲ್ಲ. ಗೆರೆ ಇನ್ನೂ ಅಗಲ ಮಾಡಿದೆವು, ಮಾರ್ಚ್ ಏಪ್ರಿಲ್‌ನಲ್ಲಿ ಸರದಿಯ ಮೇಲೆ ಕಾದೆವು. ಚಿಗುರು ತಲೆ ಮೀರಿ ಹೋಯಿತು. ನೆರಳು ಬಿದ್ದ ಕಡೆ ಯುಪಟೋರಿಯಂ ತಾನಾಗಿ ಸೊರಗಿತು. ಅದಕ್ಕೆ ಬಿಸಿಲು ಬೇಕು. ನಾನು ಕಿತ್ತದ್ದಕ್ಕಿಂತ ಜಾಸ್ತಿ ಕಳೆಯನ್ನು ನೆರಳೇ ತೆಗೆಯಿತು.

ಈಗ ಚೌಡಿಯ ವಿಷಯ. ನನಗೆ ಮುಖ್ಯವಾದದ್ದು ಇದೇ.

ನಮ್ಮ ಬೆಟ್ಟದ ಒಂದು ಮೂಲೆಯಲ್ಲಿ ಚೌಡಿ ಅನ್ನುವ ದೇವಿಯ ಕಟ್ಟೆ ಇದೆ. ಕಟ್ಟೆ ಅಂದರೆ ದೊಡ್ಡದೇನಲ್ಲ, ಒಂದು ಕಲ್ಲು, ಅದಕ್ಕೆ ಕುಂಕುಮ. ವರ್ಷಕ್ಕೊಮ್ಮೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ. ಸುತ್ತ ಕೆಲವು ಮರ. ಒಂದು ಹೆಬ್ಬಲಸು, ಒಂದು ದೊಡ್ಡ ನೇರಳೆ, ರಂಜಲು, ಒಂದು ಬಸರಿ. ಬೆಟ್ಟದಲ್ಲಿ ಎಲ್ಲ ಕಡಿದರೂ ಆ ಮರಗಳಿಗೆ ಯಾರೂ ಕತ್ತಿ ತಾಗಿಸಿರಲಿಲ್ಲ. ಸೊಪ್ಪಿಗೆ ಎಷ್ಟೇ ಕಷ್ಟವಿದ್ದ ವರ್ಷವೂ ಇಲ್ಲ. ಚೌಡಿ ಮರದ ಸೊಪ್ಪು ಕೊಟ್ಟಿಗೆಗೆ ಬರಬಾರದು, ಅಷ್ಟೇ. ಯಾಕೆ ಅಂತ ಕೇಳಿದರೆ ಅತ್ತೆಯ ಹತ್ತಿರ ಉತ್ತರ ಇರಲಿಲ್ಲ. ಅವರ ಅತ್ತೆ ಹೇಳಿದ್ದರು, ಅವರಿಗೆ ಅವರ ಅತ್ತೆ. ನಾನು ಮದುವೆಯಾದ ಹೊಸತರಲ್ಲಿ ಇದನ್ನು ಹಳೆಯ ಕಾಲದವರ ಹೆದರಿಕೆ ಅಂದುಕೊಂಡಿದ್ದೆ.

ಬೆಟ್ಟ ಚಿಗುರಿದ ಮೂರ್ನಾಲ್ಕು ಮಳೆಗಾಲದ ನಂತರ ಒಂದು ವಿಷಯ ಕಣ್ಣಿಗೆ ಬಿತ್ತು. ಎತ್ತರಕ್ಕೆ ಬಂದಿದ್ದ ಮತ್ತಿ, ಕೌಲುಗಳ ಬುಡದಲ್ಲಿ, ಅವುಗಳಿಗೆ ಸಂಬಂಧವೇ ಇಲ್ಲದ ಸಸಿಗಳು. ನೇರಳೆ, ರಂಜಲು, ಸಳ್ಳೆ, ಮುರುಗಲು. ಯಾರೂ ನೆಟ್ಟದ್ದಲ್ಲ. ಬೋಳು ಜಾಗದಲ್ಲಿ ಒಂದೂ ಇಲ್ಲ, ಮರದ ಕೆಳಗೆ ಮಾತ್ರ ಗುಂಪು ಗುಂಪು. ತಲೆಯೆತ್ತಿ ನೋಡಿದರೆ ಮೇಲೆ ಪಿಕಳಾರ. ಆಗ ಹೊಳೆಯಿತು. ಹಕ್ಕಿಗಳು ಚೌಡಿ ಕಟ್ಟೆಯ ಮರದಲ್ಲಿ ಹಣ್ಣು ತಿಂದು, ಹಾರಿ ಬಂದು ಈ ಕೊಂಬೆಯಲ್ಲಿ ಕೂರುತ್ತವೆ, ಕೂತಲ್ಲಿ ಹಿಕ್ಕೆ ಹಾಕುತ್ತವೆ. ಅದರಲ್ಲಿ ಬೀಜ. ಕೂರಲು ಕೊಂಬೆಯೇ ಇಲ್ಲದಿದ್ದ ಕಾಲದಲ್ಲಿ ಅವು ಈ ಕಡೆ ಬರುತ್ತಲೇ ಇರಲಿಲ್ಲ. ರಾತ್ರಿ ಬಾವಲಿ, ಪುನುಗು ಬೆಕ್ಕು ಇದೇ ಕೆಲಸ ಮಾಡುತ್ತವೆ. ಕಲ್ಲಿನ ಮೇಲೆ ಪುನುಗಿನ ಹಿಕ್ಕೆಯಲ್ಲಿ ನೇರಳೆ ಬೀಜ ಎಷ್ಟೋ ಸಲ ನೋಡಿದ್ದೇನೆ. ಬಸರಿ ಹಣ್ಣಾದಾಗ ಮಂಗಟ್ಟೆಗಳು ಬರುತ್ತವೆ, ನಮ್ಮ ಘಟ್ಟದ ಬೂದು ಬಣ್ಣದ ಸಣ್ಣ ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಅವು ದೊಡ್ಡ ಬೀಜವನ್ನೂ ನುಂಗಿ ಒಯ್ದು ದೂರದಲ್ಲಿ ಉಗುಳುತ್ತವೆ.

ಅಂದರೆ ನಮ್ಮ ಬೆಟ್ಟಕ್ಕೆ ಈಗ ಬರುತ್ತಿರುವ ಹೊಸ ಕಾಡಿನಲ್ಲಿ ಎಷ್ಟೋ ಗಿಡಕ್ಕೆ ತಾಯಿ ಆ ನಾಲ್ಕು ಮರ. ಅವನ್ನು ಉಳಿಸಿದ್ದು ಅರಣ್ಯದ ಜ್ಞಾನ ಅಲ್ಲ, ಬೀಜ ಪ್ರಸಾರದ ಲೆಕ್ಕ ಅಲ್ಲ. ಹೆಸರೂ ಉಳಿದಿರದ ಒಂದಷ್ಟು ಹೆಂಗಸರ ನಂಬಿಕೆ. ಅವರು ಇದರಿಂದ ಏನು ಸಿಗುತ್ತದೆ ಅಂತ ನೋಡದೆ ಕಾಪಾಡಿದರು. ಅವರ ಕಾಲದಲ್ಲಿ ಅದರಿಂದ ಏನೂ ಸಿಗಲೂ ಇಲ್ಲ. ನನಗೆ ಸಿಕ್ಕಿತು. ಇದು ಗೊತ್ತಾದ ದಿನ ನಾನು ಬೆಟ್ಟದಿಂದ ಇಳಿದು ಬಂದು ಅತ್ತೆಯ ಹತ್ತಿರ ಕೂತೆ. ದೀಪದ ವಿಷಯ ಕೇಳಬೇಕು ಅಂತ ಬಹಳ ದಿನದಿಂದ ಇತ್ತು, ಕೇಳಿದೆ. ಮಗ ಹೋದ ದಿನವೂ ಹೇಗೆ ಹಚ್ಚಿದಿರಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ಮನಸ್ಸಿರಲಿಲ್ಲ. ನಾನು ನಿಲ್ಲಿಸಿದರೆ ನಿನಗೆ ಬೇಕಾದಾಗ ಎಲ್ಲಿಂದ ಹಚ್ಚಿಕೊಳ್ಳುತ್ತೀಯ ಅಂತ ಹಚ್ಚಿದೆ" ಅಂದರು.

ಇದರ ಮೇಲೆ ನಾನು ಏನು ಬರೆದರೂ ಕಡಿಮೆಯೇ.

ಗಿಡ ನೆಡುವ ಕೆಲಸ ಆಮೇಲೆ ಬಂತು. ಹಕ್ಕಿ ತರದ ಮರಗಳನ್ನು, ತಾಯಿಮರ ಹತ್ತಿರದಲ್ಲಿ ಇಲ್ಲದ ಮರಗಳನ್ನು ನೆಟ್ಟೆವು. ಮುರುಗಲಿನ ಜಾತಿಯ ಹುಳಿಹಣ್ಣಿನ ಮರ ಉಪ್ಪಾಗೆ ಅದರಲ್ಲಿ ಒಂದು. ನಮ್ಮ ಕಡೆ ಉಪ್ಪಾಗೆಯ ಸಿಪ್ಪೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಬೆಲೆ ಇರುವುದರಿಂದಲೇ ಕಾಡಿನಲ್ಲಿ ಹಣ್ಣು ಬಲಿಯುವ ಮೊದಲೇ ಕೊಯ್ಯುತ್ತಾರೆ, ಕೊಂಬೆ ಮುರಿಯುತ್ತಾರೆ. ಹಾಗಾಗಿ ಸಸಿ ಹುಟ್ಟುವುದು ಕಡಿಮೆಯಾಗಿದೆ. ನಾನು ಮಳೆಗಾಲದಲ್ಲಿ ಬಿದ್ದ ಹಣ್ಣು ಆರಿಸಿ, ಬೀಜ ತೊಳೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟಿಗೆ ಪಕ್ಕ ಇಟ್ಟೆ. ಉಪ್ಪಾಗೆ ಬೀಜ ಮೊಳೆಯಲು 5ರಿಂದ 7 ತಿಂಗಳು ಬೇಕು. ಗಟ್ಟಿ ಸಿಪ್ಪೆ ಬಿಡಿಸಿ ಹಾಕಿದರೆ ಬೇಗ ಬರುತ್ತದೆ. ನಾನು ಬಿಡಿಸಲಿಲ್ಲ, ಅದರ ಹೊತ್ತಿಗೆ ಅದು ಬರಲಿ ಅಂತ ಬಿಟ್ಟೆ. ದಸರಾ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಬಂತು. ಬರಿ ಮಣ್ಣಿನ ಚೀಲಕ್ಕೆ ದಿನಾ ನೀರು ಹಾಕುವುದು. ಬೆರಳಿಂದ ಕೆದಕಿ ನೋಡಬೇಕು ಅನ್ನಿಸುತ್ತದೆ. ಕೆದಕಿದರೆ ಮೊಳಕೆ ಮುರಿಯುತ್ತದೆ. ಸಂಕ್ರಾಂತಿ ಕಳೆದು ಒಂದೊಂದೇ ತಲೆ ಎತ್ತಿದವು.

ಅದಾದ ಮೇಲೂ ಕಾಯುವುದು ಮುಗಿಯುವುದಿಲ್ಲ. ಬೀಜದ ಉಪ್ಪಾಗೆ ಕಾಯಿ ಬಿಡಲು 10ರಿಂದ 12 ವರ್ಷ. ಅದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ರಜೆಗೆ ಬಂದ ಮಗಳಿಗೆ ಇದನ್ನು ಹೇಳಿದಾಗ ಅವಳು, "ಆಯಿ, ಹಾಗಾದರೆ ಕಸಿ ಗಿಡ ತಂದು ಹಾಕಬಹುದಲ್ವಾ, ಮೂರ್ನಾಲ್ಕು ವರ್ಷಕ್ಕೆ ಬರುತ್ತೆ" ಅಂದಳು. ತೋಟಕ್ಕಾದರೆ ಕಸಿಯೇ ಸರಿ, ಅದನ್ನೂ ಹಾಕಿದ್ದೇವೆ. ಬೆಟ್ಟಕ್ಕೆ ಬೀಜದ್ದೇ ಇರಲಿ ಅಂದೆ. ಬೀಜದ ಗಿಡ ತಾಯಿಬೇರು ಇಳಿಸಿ ನೇರ ಎದ್ದು ದೊಡ್ಡ ಮರವಾಗುತ್ತದೆ. ಅದು ನನ್ನ ಆದಾಯಕ್ಕಲ್ಲ. ಅದರ ಹಣ್ಣನ್ನು ಮಂಗ ತಿಂದರೂ ಬೆಟ್ಟದ್ದು ಬೆಟ್ಟಕ್ಕೇ ಹೋಗುತ್ತದೆ.

ಅದೇ ರಜೆಯಲ್ಲಿ ಮಗಳು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಕರೆದುಕೊಂಡು ಹೋದಳು. ರಾಮಪತ್ರೆ ಜಡ್ಡಿ ಇರುವ ಜಾಗ. ವರ್ಷವಿಡೀ ನೀರು ನಿಲ್ಲುವ ಕೆಸರಿನಲ್ಲಿ ಬೆಳೆಯುವ ಕಾಡು ಅದು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಅಲ್ಲಿನ ಮರಗಳ ಬೇರು ಮಣ್ಣಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಒಳಗೆ ಹೋಗುತ್ತದೆ. ಮೇಲೆದ್ದ ಭಾಗದಿಂದ ಉಸಿರಾಡುತ್ತದೆ. ಇನ್ನು ಕೆಲವಕ್ಕೆ ಕಾಂಡದಿಂದಲೇ ಊರುಬೇರು ಇಳಿದಿರುತ್ತದೆ. 2000ರಲ್ಲಿ ಈ ಕಾನಿನಲ್ಲೇ ಗೇರು ಕುಟುಂಬದ ಒಂದು ಮರವನ್ನು ಜಗತ್ತಿಗೇ ಹೊಸ ಪ್ರಭೇದ ಅಂತ ಗುರುತಿಸಿ, ಅದರ ವೈಜ್ಞಾನಿಕ ಹೆಸರಿಗೆ ಕತ್ತಲೆಕಾನಿನ ಹೆಸರನ್ನೇ ಸೇರಿಸಿದ್ದಾರೆ. ಅಷ್ಟು ಕಾಲ ಅದು ಅಲ್ಲೇ ಇತ್ತು ಅಲ್ವಾ, ಯಾರ ಗಮನಕ್ಕೂ ಬರದೆ. ಮಗಳು ಫೋಟೋ ತೆಗೆಯುತ್ತಿದ್ದಳು. ನಾನು ಆ ಬೇರುಗಳನ್ನು ನೋಡುತ್ತಾ, ಅವಳು ಅಪ್ಪ ಹೋದ ಮೇಲೆ ಹಾಸ್ಟೆಲ್‌ನಲ್ಲಿ ಒಬ್ಬಳೇ ಹೇಗೆ ದಿನ ಕಳೆದಳು ಅಂತ ಮೊದಲ ಸಲ ಕೇಳಿದೆ. ಅಲ್ಲಿಯವರೆಗೆ ಕೇಳಲು ನನ್ನಲ್ಲಿ ಶಕ್ತಿಯೇ ಇರಲಿಲ್ಲ. ಅವಳು ಹೇಳಿದಳು. ಬಹಳ ಹೊತ್ತು ಹೇಳಿದಳು.

ನೀರಿನ ವಿಷಯವನ್ನೂ ಹೇಳಬೇಕು. ಮಳೆಗಾಲದಲ್ಲಿ ಕಾಲುವೆಗೆ ಕೆಂಪು ನೀರು ಬರುವುದು ಬಹಳ ಕಡಿಮೆಯಾಗಿದೆ, ಜೋರು ಮಳೆಗೂ ನೀರು ತಿಳಿಯಾಗಿಯೇ ಬರುತ್ತದೆ. ಒರತೆ ಈಗ ಏಪ್ರಿಲ್‌ವರೆಗೆ ಎಳೆಯುತ್ತದೆ. ಮಳೆ ಚೆನ್ನಾದ ವರ್ಷ ಮೇ ತಿಂಗಳಲ್ಲೂ ಒರತೆಯ ಬಾಯಿ ತೇವವಾಗಿಯೇ ಇರುತ್ತದೆ. ಬೆಟ್ಟ ಹಸಿರಾದರೆ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಹೇಳಲಾರೆ. ಅಡಿಕೆಗೆ ಕೊಳೆ ಬರುವುದು ನಿಂತಿಲ್ಲ, ಎಲೆಚುಕ್ಕಿ ರೋಗ ನಮ್ಮ ತೋಟವನ್ನೂ ಬಿಟ್ಟಿಲ್ಲ. ಔಷಧಿ ಹೊಡೆಸುವುದು, ಆಳಿಗೆ ಕಾಯುವುದು, ದರ ಇಳಿಯುವುದು, ಎಲ್ಲ ಇದೆ. ನಮ್ಮನೆಯವರು ಇಲ್ಲದ ಮನೆ ಅದೇ ಮನೆ. ಬೆಟ್ಟ ಆ ಜಾಗ ತುಂಬಲಿಲ್ಲ. ಸುಟ್ಟ ಕೋಲು ಹಾಗೇ ಇತ್ತಲ್ಲ, ಚಿಗುರು ಅದರ ಪಕ್ಕದಿಂದ ಬಂದಿತ್ತು.

ದೇವರ ಕೋಣೆಗೆ ಈಗ ಹೋಗುತ್ತೇನೆ. ಅತ್ತೆಗೆ ಈಗ ಎದ್ದು ನಿಲ್ಲುವುದು ಕಷ್ಟ, ಹಾಗಾಗಿ ಸಂಜೆಯ ದೀಪ ನನ್ನದು. ಮೊದಲಿನಂತೆ ಅದು ಕೊಡು ಇದು ಕೊಡು ಅಂತ ಕೇಳುವುದಿಲ್ಲ. ಕೇಳಲು ಏನೂ ಇಲ್ಲ ಅಂತಲ್ಲ, ಮಗಳ ಓದು ಇದೆ, ಸಾಲ ಇದೆ. ಆದರೆ ಹಚ್ಚುವುದೇ ಕೆಲಸ ಅಂತ ಅನಿಸುತ್ತದೆ. ಮನಸ್ಸಿಲ್ಲದ ದಿನವೂ ಹಚ್ಚುತ್ತೇನೆ. ವರ್ಷಕ್ಕೊಮ್ಮೆ ಚೌಡಿಗೆ ಹೋಗುವಾಗ ಅತ್ತೆಯ ಬದಲು ನಾನೇ ಕಾಯಿ ಹಿಡಿದು ಹೋಗುತ್ತೇನೆ. ಕುಂಕುಮ ಹಚ್ಚಿ ಆ ಹೆಬ್ಬಲಸಿನ ಬುಡವನ್ನೂ ಮುಟ್ಟಿ ಬರುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಜಾಗ ಇದ್ದರೆ ಒಂದು ಮಾತು ಹೇಳುತ್ತೇನೆ. ಗುಂಡಿ ತೋಡಿ ಗಿಡ ತರುವ ಮೊದಲು ಒಂದು ವರ್ಷ ಸುಮ್ನೆ ಬೇಲಿ ಹಾಕಿ ನೋಡಿ. ಕುಕ್ಕರಗಾಲಲ್ಲಿ ಕೂತು ನೆಲ ನೋಡಿ, ಏನು ಬದುಕಿದೆ ಅಂತ. ಊರಿನ ಹಿರಿಯರನ್ನು, ಅದರಲ್ಲೂ ಸೊಪ್ಪು ಕಡಿದು ಬದುಕಿದವರನ್ನು ಕರೆದುಕೊಂಡು ಹೋಗಿ. ಅವರಿಗೆ ಬುಡ ನೋಡಿ ಮರದ ಹೆಸರು ಹೇಳಲು ಬರುತ್ತದೆ. ಹತ್ತಿರದಲ್ಲಿ ಚೌಡಿ, ಜಟಕ, ಭೂತಪ್ಪ ಯಾರದ್ದೇ ಕಟ್ಟೆ ಇದ್ದರೂ ಅಲ್ಲಿನ ಮರ ಯಾವುದು ಅಂತ ಗುರುತು ಹಾಕಿಕೊಳ್ಳಿ. ಮುಂದೆ ಬೀಜ ಬರುವುದು ಅಲ್ಲಿಂದ.

ಇದನ್ನು ಬರೆಯುವಾಗ ಡಿಸೆಂಬರ್. ಮೇಲಿನ ಅಂಚಿನಲ್ಲಿ ಯುಪಟೋರಿಯಂ ಮೊಗ್ಗು ಬಿಟ್ಟಿದೆ, ಈ ವಾರ ಕೀಳಬೇಕು. ಜನವರಿಯ ಬೆಂಕಿ ಗೆರೆಗೆ ಈ ಸಲ ಅಕ್ಕಪಕ್ಕದ ಮನೆಯವರೂ ಸೇರಿಕೊಳ್ಳುತ್ತೇವೆ ಅಂದಿದ್ದಾರೆ, ಉದ್ದಕ್ಕೆ ಒಂದೇ ಗೆರೆ ಮಾಡಿದರೆ ಎಲ್ಲರಿಗೂ ಅನುಕೂಲ. ಆಚೆ ಮನೆ ಭಾವ ತಮ್ಮ ಬೆಟ್ಟದಲ್ಲೂ ಒಂದು ಭಾಗಕ್ಕೆ ಕತ್ತಿ ಹಾಕುವುದನ್ನು ಬಿಟ್ಟಿದ್ದಾರೆ. ಮೊನ್ನೆ ಬಂದು ಉಪ್ಪಾಗೆ ಸಸಿ ಕೇಳಿದರು. ಬೀಜದ್ದು ಭಾವ, ಹನ್ನೆರಡು ವರ್ಷ ಬೇಕು, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ ಅಂದೆ. ಅವರಿಗೆ ಎಪ್ಪತ್ತು ದಾಟಿದೆ. "ಇರಲಿ, ಹತ್ತು ಕೊಡು" ಅಂದರು.